ಹಳೆಯ ರೇಜರ್ ಸಾಣೆಕಲ್ಲು ಎಸೆಯಬೇಡಿ. ಮತ್ತೆ ಬಳಕೆಗೆ ತರುವುದು ಹೀಗೆ

ಎಣ್ಣೆ ಜಿಡ್ಡು ಹಿಡಿದು ಕಪ್ಪಾಗಿ, ನಡುವೆ ತಗ್ಗು ಬಿದ್ದ ಸಾಣೆಕಲ್ಲನ್ನು ಕಂಡರೆ ಅದರ ಕಥೆ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. ಆದರೆ ನೈಸರ್ಗಿಕ ಕಲ್ಲಿನಲ್ಲಿ ಸಾಮಾನ್ಯವಾಗಿ ಕೆಟ್ಟಿರುವುದು ಮೇಲ್ಮೈ ಮಾತ್ರ. ಸ್ಟ್ರೈಟ್ ರೇಜರ್ ಬಳಸುವವರ ಮೆಚ್ಚಿನ ಬೆಲ್ಜಿಯಂನ 'ಕೋಟಿಕ್ಯೂಲ್' ಕಲ್ಲು ಇದಕ್ಕೆ ಉತ್ತಮ ಉದಾಹರಣೆ.

ಏನಿದು ಕೋಟಿಕ್ಯೂಲ್?

ಬೆಲ್ಜಿಯಂನ ಆರ್ಡೆನ್ ಪ್ರದೇಶದ ವಿಯೆಲ್ಸಾಲ್ಮ್ ಸುತ್ತಮುತ್ತ ಸಿಗುವ ಕೆನೆಹಳದಿ ಬಣ್ಣದ ಕಲ್ಲಿದು. ಇದರಲ್ಲಿರುವ ಅತಿ ಸಣ್ಣ ಗಾರ್ನೆಟ್ ಹರಳುಗಳೇ ಉಕ್ಕನ್ನು ಸವೆಸಿ ಹರಿತ ಮಾಡುತ್ತವೆ. ಹಳದಿ ಪದರ ತೆಳುವಾಗಿರುವುದರಿಂದ ಅದರಡಿ ಸ್ಲೇಟ್ ಕಲ್ಲಿನ ಆಧಾರವಿರುತ್ತದೆ. ಕೆಲವು ಕಲ್ಲುಗಳಲ್ಲಿ ಇದು ಸಹಜವಾಗಿಯೇ ಕೂಡಿಕೊಂಡಿದ್ದರೆ, ಇನ್ನು ಕೆಲವಕ್ಕೆ ಅಂಟಿಸಿರುತ್ತಾರೆ.

ಮೊದಲು ಸ್ವಚ್ಛತೆ

ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪು ಮತ್ತು ಹಳೆಯ ಟೂತ್‌ಬ್ರಷ್ ಸಾಕು. ಕುದಿಯುವ ನೀರಿಗೆ ಹಾಕಿದರೆ ಅಂಟು ಬಿಡಬಹುದು, ಕಲ್ಲು ಬಿರುಕು ಬಿಡಬಹುದು.

ಮಟ್ಟಸ ಮಾಡುವುದು ಹೇಗೆ?

* ಕಲ್ಲಿನ ಬದಿಯಿಂದ ನೋಡಿ ಹಳದಿ ಪದರ ಎಷ್ಟು ಉಳಿದಿದೆ ಎಂದು ಖಚಿತಪಡಿಸಿಕೊಳ್ಳಿ. ಅತಿಯಾಗಿ ಉಜ್ಜಿದರೆ ಕಳೆದುಹೋದ ಪದರ ಮತ್ತೆ ಬಾರದು.
* ಮೇಲ್ಮೈ ತುಂಬ ಪೆನ್ಸಿಲ್‌ನಿಂದ ಚೌಕುಳಿ ಗೆರೆ ಎಳೆಯಿರಿ.
* ದಪ್ಪ ಗಾಜಿನ ಮೇಲೆ 220 ಗ್ರಿಟ್‌ನ ವಾಟರ್ ಪೇಪರ್ ಇಟ್ಟು, ನೀರು ಹಾಕಿ ಉಜ್ಜಿ. ಗೆರೆ ಉಳಿದ ಜಾಗವೇ ತಗ್ಗು. ಎಲ್ಲ ಗೆರೆ ಅಳಿಸಿದ ಕೂಡಲೇ ನಿಲ್ಲಿಸಿ.
* ಬಳಿಕ 400 ಮತ್ತು 1000 ಗ್ರಿಟ್‌ನಲ್ಲಿ ನಯಗೊಳಿಸಿ, ಅಂಚುಗಳನ್ನು ತುಸು ದುಂಡಾಗಿಸಿ.

ಒಣಗಿದ ಕಲ್ಲನ್ನು ಉಜ್ಜಬೇಡಿ. ಅದರ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ರೇಜರ್ ಹರಿತ ಮಾಡುವ ವಿಧಾನ

ಕಲ್ಲಿಗೆ ನೀರು ಹಾಕಿ, ಅದೇ ಜಾತಿಯ ಸಣ್ಣ ಕಲ್ಲಿನಿಂದ ಉಜ್ಜಿದರೆ ಹಾಲಿನಂಥ ದ್ರವ ಬರುತ್ತದೆ. ರೇಜರಿನ ಬೆನ್ನು ಮತ್ತು ಅಲಗು ಎರಡೂ ಕಲ್ಲಿಗೆ ತಾಗುವಂತೆ ಮಲಗಿಸಿ, ಅಲಗು ಮುಂದಾಗಿ ಒತ್ತಡ ಹಾಕದೆ ತಳ್ಳಬೇಕು. ತುದಿ ತಲುಪಿದಾಗ ಬೆನ್ನಿನ ಮೇಲೆಯೇ ಮಗುಚಿ ವಾಪಸ್ ಎಳೆಯಬೇಕು. ಆಗಾಗ ಹನಿ ನೀರು ಸೇರಿಸಿ ದ್ರವವನ್ನು ತೆಳುವಾಗಿಸುತ್ತಾ ಹೋಗಿ. ಹಾಲಿನಂಥ ದ್ರವದಲ್ಲಿ ಕಲ್ಲು ಬೇಗ ಸವೆಸುತ್ತದೆ, ಬರೀ ನೀರಿನಲ್ಲಿ ನಿಧಾನವಾಗಿ ನಯ ಮಾಡುತ್ತದೆ. ಹಾಗಾಗಿ ಕೊನೆಯ ಸುತ್ತು ಶುದ್ಧ ನೀರಿನಲ್ಲೇ ಆಗಬೇಕು.

ನಂತರ ಚರ್ಮದ ಪಟ್ಟಿಯ ಮೇಲೆ ಉಜ್ಜುವಾಗ ದಿಕ್ಕು ಉಲ್ಟಾ. ಇಲ್ಲಿ ಬೆನ್ನು ಮುಂದೆ, ಅಲಗು ಹಿಂದೆ. ತಪ್ಪಿದರೆ ಪಟ್ಟಿಯೂ ಕತ್ತರಿಸುತ್ತದೆ, ಅಲಗೂ ಹಾಳಾಗುತ್ತದೆ. ಅಲಗು ಚಕ್ಕೆ ಎದ್ದಿದ್ದರೆ ಈ ನಯವಾದ ಕಲ್ಲಿನಿಂದ ಸರಿಹೋಗದು. ಮೊದಲು ಒರಟು ಕಲ್ಲು ಬೇಕು.

ಈ ಎಚ್ಚರಿಕೆ ಇರಲಿ

ಭಾರತದ ಸಲೂನ್‌ಗಳಲ್ಲಿ ಈಗ ಬ್ಲೇಡ್ ಬದಲಿಸುವ ರೇಜರ್‌ಗಳೇ ಸಾಮಾನ್ಯ, ಅವಕ್ಕೆ ಸಾಣೆ ಬೇಕಿಲ್ಲ. ಮನೆಯಲ್ಲಿ ಸಾಣೆ ಹಿಡಿದು ಬಳಸುವ ರೇಜರ್ ಒಬ್ಬರಿಗೆ ಮಾತ್ರ ಮೀಸಲಾಗಿರಲಿ. ಹಂಚಿಕೊಂಡರೆ ಹೆಪಟೈಟಿಸ್ ಬಿ, ಸಿ ಹಾಗೂ ಎಚ್‌ಐವಿಯಂಥ ಸೋಂಕು ರಕ್ತದ ಮೂಲಕ ಹರಡುವ ಅಪಾಯವಿದೆ.