ಸೇರೋದಕ್ಕೆ ಒಂದು ಜಾಗ

ನಮ್ಮ ತಾಳವಾಡಿ ಸೀಮೆಯವರಿಗೆ ಜನ ಕೂಡೋದು ಹೊಸದೇನಲ್ಲ. 1956ರಲ್ಲಿ ರಾಜ್ಯಗಳ ಗಡಿ ಎಳೆದಾಗ ಕೊಳ್ಳೇಗಾಲ ಮೈಸೂರಿಗೆ ಹೋಯಿತು, ತಾಳವಾಡಿ ಮದರಾಸಿಗೇ ಉಳಿಯಿತು. ಆದರೂ ಶಿವರಾತ್ರಿಗೆ, ಯುಗಾದಿಗೆ, ದೀಪಾವಳಿಗೆ ಮಾದೇಶ್ವರನ ಬೆಟ್ಟಕ್ಕೆ ಪರಸೆ ಹೋಗೋದು ನಿಲ್ಲಲಿಲ್ಲ. ನಾನು ಕಂಸಾಳೆ ಹಿಡಿದು ಹಾಡುವವನು, ಚಿಕ್ಕವನಿದ್ದಾಗಿಂದ ಅಪ್ಪನ ಹಿಂದೆ ಆ ದಾರಿ ನಡೆದಿದ್ದೇನೆ. ಪರಸೆ ಎಲ್ಲಿ ತಂಗಬೇಕು ಅನ್ನೋದಕ್ಕೆ ಅಪ್ಪ ಮೂರು ಮಾತು ಹೇಳುತ್ತಿದ್ದ. ನೀರಿರಬೇಕು, ನೆರಳಿರಬೇಕು, ‘ನೀನ್ಯಾಕಪ್ಪ ಬಂದೆ’ ಅಂತ ಯಾರೂ ಯಾರನ್ನೂ ಕೇಳಕೂಡದು.

ಈ ಮೂರನೇ ಮಾತು ಎಷ್ಟು ಕಷ್ಟದ್ದು ಅಂತ ನನಗೆ ತಿಳಿದದ್ದು ಅರವತ್ತು ದಾಟಿದ ಮೇಲೆ.

ಕೆಲವು ವರ್ಷದ ಹಿಂದೆ, ಕಾಡು, ನೀರು, ಮಣ್ಣು ಉಳೀಲಿ ಅಂತ ಊರೂರಲ್ಲಿ ಜನರನ್ನು ಕೂಡಿಸುವ ಹುಡುಗರು ನನ್ನ ಹತ್ತಿರ ಬಂದರು. “ದೊಡ್ಡಪ್ಪ, ಮೂರು ರಾಜ್ಯದಿಂದ ಮುನ್ನೂರು ಜನ ಬತ್ತಾರೆ, ಎರಡು ದಿನ ಇರ್ತಾರೆ. ಒಂದು ಜಾಗ ನೋಡಿಕೊಡಿ” ಅಂದರು. ನಾನು ಸಲೀಸಾಗಿ ಒಪ್ಪಿಕೊಂಡೆ. ಹುಡುಕುವಾಗಲೇ, ಹಿಂದೆ ಇಂಥವರು ಎಲ್ಲೆಲ್ಲಿ ಸೇರಿದ್ದರು ಅಂತ ನಮ್ಮ ವಾಚನಾಲಯದಲ್ಲಿ ಓದಿದೆ. ನನಗೆ ಓದಲಾಗದ್ದನ್ನು ಮೇಷ್ಟ್ರ ಕೈಲಿ ಓದಿಸಿ ಕೇಳಿದೆ. ಅದನ್ನೇ ಇಲ್ಲಿ ಬರೆದಿದ್ದೇನೆ.

1983ರ ಸೆಪ್ಟೆಂಬರ್ 8ರಂದು ಶಿರಸಿ ಸೀಮೆಯ ಸಾಲ್ಕಣಿಯ ಜನ ಕಾಡಿಗೆ ನಡೆದುಹೋಗಿ, ಕಡಿಯೋಕೆ ಬಂದವರ ಎದುರಿಗೆ ಮರಗಳನ್ನು ಅಪ್ಪಿಕೊಂಡರು. ಅಪ್ಪಿಕೋ ಚಳವಳಿ ಶುರುವಾದದ್ದು ಹಾಗೆ. ಅವರು ಚಪ್ಪರ ಹಾಕಲಿಲ್ಲ, ಬಾಡಿಗೆ ಕೊಡಲಿಲ್ಲ. ಯಾವ ಮರ ಉಳಿಯಬೇಕೋ ಅದರ ಬುಡವೇ ಸಭೆಯ ಜಾಗ. ಒಂದು ಊರಿನ ಜನಕ್ಕೆ ಇದು ಸರಿ. ಆದರೆ ಇಡೀ ಪಶ್ಚಿಮ ಘಟ್ಟದವರು ಸೇರಬೇಕೆಂದರೆ ಯಾವ ಮರದ ಕೆಳಗೆ ಸೇರೋದು?

1987ರಲ್ಲಿ ಆ ಪ್ರಶ್ನೆಯೂ ಬಂತು. ಪಶ್ಚಿಮ ಘಟ್ಟ ಉಳಿಸಿ ಅಂತ ಹೊರಟವರು ಎಲ್ಲರನ್ನೂ ಒಂದು ಊರಿಗೆ ಕರೆಯೋ ಬದಲು ತಾವೇ ಊರುಗಳಿಗೆ ನಡೆದರು. ನವೆಂಬರ್ 1ರಂದು ಒಂದು ಗುಂಪು ದಕ್ಷಿಣದ ಕನ್ಯಾಕುಮಾರಿಯಿಂದ, ಇನ್ನೊಂದು ಗುಂಪು ಉತ್ತರದಲ್ಲಿ ಮಹಾರಾಷ್ಟ್ರದ ನವಾಪುರದಿಂದ ಹೊರಟಿತು. ನೂರು ದಿನದ ಹತ್ತಿರ ನಡೆದು, 1988ರ ಫೆಬ್ರವರಿಯಲ್ಲಿ ಗೋವಾದಲ್ಲಿ ಎರಡೂ ಕೂಡಿದವು. ನಮ್ಮ ಪರಸೆಯಲ್ಲೂ ಹೀಗೇ ಅಲ್ಲವೇ? ಬೆಟ್ಟದ ಮೇಲೆ ಇರೋದು ಒಂದೆರಡು ದಿನ, ದಾರೀಲಿ ಸಿಕ್ಕವರ ಜೊತೆ ಮಾತೇ ಹೆಚ್ಚು.

ಮರುವರ್ಷ, 1989ರ ಸೆಪ್ಟೆಂಬರ್ 28ರಂದು, ಮಧ್ಯಪ್ರದೇಶದ ಹರಸೂದ್ ಅನ್ನೋ ಊರಲ್ಲಿ ದೊಡ್ಡ ಕೂಟ ಆಯಿತು. ದೇಶದ ಮೂಲೆಮೂಲೆಯಿಂದ ಹತ್ತಾರು ಸಾವಿರ ಜನ ಬಂದರು. ಬಾಬಾ ಆಮ್ಟೆ, ಮೇಧಾ ಪಾಟ್ಕರ್ ಅಲ್ಲಿದ್ದರು. ದಿಲ್ಲಿ, ಭೋಪಾಲ ಬಿಟ್ಟು ಆ ಸಣ್ಣ ಪಟ್ಟಣ ಯಾಕೆ? ನರ್ಮದಾ ನದಿಗೆ ಕಟ್ಟುವ ಅಣೆಕಟ್ಟೆಯಲ್ಲಿ ಮುಳುಗೋ ಊರು ಅದು. ಮುಳುಗೋರ ಅಂಗಳದಲ್ಲೇ ನಿಂತು, ನಮಗೆ ಇಂಥ ಅಭಿವೃದ್ಧಿ ಬೇಡ ಅಂತ ಹೇಳಬೇಕಿತ್ತು.

ಆ ಹರಸೂದ್ ಉಳಿಯಲಿಲ್ಲ. 2004ರಲ್ಲಿ ಇಂದಿರಾ ಸಾಗರ ಅಣೆಕಟ್ಟೆಗಾಗಿ ಊರು ಖಾಲಿ ಮಾಡಿಸಿದರು. ಜನ ತಮ್ಮ ಮನೆಗಳನ್ನು ತಾವೇ ಕೆಡವಿ, ಬಾಗಿಲು, ಜಂತೆ ಹೊತ್ತುಕೊಂಡು ಹೋದರು. ಮೇಷ್ಟ್ರು ಇದನ್ನು ಓದಿ ಹೇಳಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಅಷ್ಟು ಜನ ಸೇರಿಯೂ ಊರು ಮುಳುಗಿತಲ್ಲ ಅಂತ. ಆದರೆ ಅವರು ಬೇರೆ ಕಡೆ ಸೇರಿದ್ದರೆ ಹರಸೂದ್ ಅನ್ನೋ ಹೆಸರು ತಾಳವಾಡಿಯ ರೈತನ ಕಿವಿಗೆ ಬೀಳುತ್ತಿತ್ತೇ?

ಇನ್ನು ನಮ್ಮ ನೆರೆಯ ನೀಲಗಿರಿ. 2010ರ ಫೆಬ್ರವರಿಯಲ್ಲಿ ಘಟ್ಟದ ಕೆಲಸ ಮಾಡುವವರು ಕೋಟಗಿರಿಯಲ್ಲಿ ಕೂಡಿದರು. ಕೇಂದ್ರದ ಪರಿಸರ ಮಂತ್ರಿ ಜೈರಾಂ ರಮೇಶ್ ಅವರೇ ಬೆಟ್ಟ ಹತ್ತಿ ಬಂದರು. ಮುಂದಿನ ತಿಂಗಳೇ ಮಾಧವ ಗಾಡ್ಗೀಳರ ಸಮಿತಿ ಆಯಿತು, 2011ರಲ್ಲಿ ವರದಿ ಕೊಟ್ಟಿತು. ಘಟ್ಟದ ವಿಚಾರವನ್ನು ಊರಿನ ಗ್ರಾಮಸಭೆಗಳ ಮುಂದಿಟ್ಟು ತೀರ್ಮಾನ ಮಾಡಿ ಅಂತ ಅದರಲ್ಲಿತ್ತು. ಆದರೆ ವರದಿ ಬಂದದ್ದು ಇಂಗ್ಲಿಷಿನಲ್ಲಿ. ಕನ್ನಡದವರು, ಮಲಯಾಳದವರು, ಮರಾಠಿಯವರು ಅದನ್ನು ಓದೋದಕ್ಕೆ ಮೊದಲೇ ‘ನಿಮ್ಮ ಮನೆ ಹೋಯ್ತದೆ’ ಅನ್ನೋ ಪುಕಾರು ಘಟ್ಟದ ಊರುಗಳಿಗೆ ಬಂದು ಮುಟ್ಟಿತ್ತು. ಅಂದರೆ ಜಾಗ ಹತ್ತಿರ ಇದ್ದರೆ ಸಾಲದು, ಮಾತೂ ಹತ್ತಿರ ಇರಬೇಕು.

ಇಷ್ಟೆಲ್ಲ ತಿಳಿದುಕೊಂಡು ನಾನು ಜಾಗ ಹುಡುಕಿದೆ. ಕಲ್ಯಾಣ ಮಂಟಪಕ್ಕೆ ಬಾಡಿಗೆ ಹೆಚ್ಚು. ಶಾಲೆಯಲ್ಲಿ ಪರೀಕ್ಷೆ. ಒಂದು ದೇವಸ್ಥಾನದ ಅಂಗಳ ಚೆನ್ನಾಗಿತ್ತು, ಆದರೆ ಎಲ್ಲ ಜಾತಿಯವರೂ ಒಟ್ಟಿಗೆ ಕೂತು ಉಣ್ಣೋದಕ್ಕೆ ಅಲ್ಲಿಯವರು ಒಪ್ಪಲಿಲ್ಲ. ಕಾಡಂಚಿನಲ್ಲಿ ಕತ್ತಲಾದರೆ ಆನೆ. ದಿಂಬಂ ಘಾಟಿಯ ಇಪ್ಪತ್ತೇಳು ತಿರುವು ಹತ್ತಿ ಬರುವವರು ಹೊತ್ತು ಮುಳುಗೋಕೆ ಮುಂಚೆ ಬರಬೇಕು. ಕೊನೆಗೆ ಹುರುಳಿ ಕಿತ್ತ ನನ್ನ ಹೊಲಾನೇ ಹಸನು ಮಾಡಿ, ತೆಂಗಿನ ಗರಿ ಚಪ್ಪರ ಹಾಕಿದೆವು. ಪಕ್ಕದಲ್ಲಿ ಬೋರ್‌ವೆಲ್, ಬದುವಿನಲ್ಲಿ ಹುಣಸೆ ಮರ. ನೀರು, ನೆರಳು ಎರಡೂ ಆಯಿತು. ಬಾ ಅನ್ನೋದಕ್ಕೆ, ಬೇಡ ಅನ್ನೋದಕ್ಕೆ ನಾನೇ ಯಜಮಾನ. ಅಪ್ಪನ ಮೂರು ಮಾತೂ ನಡೆಸಿದೆ ಅಂತ ಮೀಸೆ ತಿರುವಿದೆ.

ಮುನ್ನೂರು ಜನವೂ ಬಂದರು. ಆದರೆ ಬೆಟ್ಟದ ಸೋಲಿಗರು ಬಂದದ್ದು ನಾಲ್ಕೇ ಜನ. ಕಾಡಿನ ವಿಚಾರ ಅವರಿಗಿಂತ ಬಲ್ಲವರು ಯಾರು? ಆಮೇಲೆ ಒಬ್ಬಳು ಮುದುಕಿಯನ್ನು ಕೇಳಿದೆ. “ಅವತ್ತು ಸಂತೆ ಅಲ್ವಾ ಬುದ್ಧಿ? ಸಂತೆಗೆ ಹೋಗದೆ ಇದ್ರೆ ವಾರವೆಲ್ಲ ಉಪ್ಪಿಗೇನು ಮಾಡೋದು?” ಅಂದಳು. ದಿನ ಗೊತ್ತು ಮಾಡಿದವನು ನಾನೇ. ಹುಡುಗರು ಕೇಳಿದಾಗ ದೂರದವರ ರಜೆ ನೋಡಿದೆ, ನಮ್ಮ ಸಂತೆ ನೋಡಲಿಲ್ಲ. ‘ನೀನ್ಯಾಕಪ್ಪ ಬಂದೆ’ ಅಂತ ಯಾರೂ ಕೇಳಲಿಲ್ಲ, ನಿಜ. ಆದರೆ ‘ನಿಮಗೆ ಯಾವತ್ತು ಬರೋಕಾಯ್ತದೆ’ ಅಂತ ನಾನೂ ಕೇಳಿರಲಿಲ್ಲ.

ಮುಂದೆ ಯಾರಾದರೂ ಇಂಥ ಕೂಟ ಕಟ್ಟುವುದಾದರೆ ನನ್ನ ಹೊಲ ಈಗಲೂ ಇದೆ, ಹುರುಳಿ ಕಿತ್ತ ಮೇಲೆ ಬನ್ನಿ. ಅದಕ್ಕೂ ಮೊದಲು ಬೆಟ್ಟದ ಮೇಲಕ್ಕೆ ಹೋಗಿ ದಿನ ಕೇಳಿಕೊಂಡು ಬನ್ನಿ. ನಾನೂ ಜೊತೆಗೆ ಬರುತ್ತೇನೆ.