ಕೊಲ್ಹಾಪುರ ಸೀಮೆಯಲ್ಲಿ ಮನೆ ಸ್ಕ್ರೀನ್ ಪ್ರಿಂಟಿಂಗ್

ಕಟ್ಟಿಗೆಯ ಚೌಕಟ್ಟಿಗೆ ಬಿಗಿದ ತೆಳು ಬಟ್ಟೆಯ ಮೂಲಕ ಬಣ್ಣವನ್ನು ಒತ್ತಿ ಕೆಳಗಿಳಿಸುವ ಮುದ್ರಣವೇ ಸ್ಕ್ರೀನ್ ಪ್ರಿಂಟಿಂಗ್. ಅಕ್ಷರ ಮೂಡಬೇಕಾದ ಕಡೆ ಬಟ್ಟೆಯ ರಂಧ್ರಗಳು ತೆರೆದಿರುತ್ತವೆ, ಉಳಿದೆಡೆ ಮುಚ್ಚಿರುತ್ತವೆ. ಇದಕ್ಕೆ ಯಂತ್ರ ಬೇಡ, ಕೈ ಕೆಲಸಕ್ಕೆ ಕರೆಂಟೂ ಕಡ್ಡಾಯವಲ್ಲ. ಒಂದು ಮೇಜು ಹಿಡಿಸುವಷ್ಟು ಪಡಸಾಲೆ ಇದ್ದರೆ ಸಾಕು. ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜದಂಥ ಊರುಗಳಲ್ಲಿ ಇದು ಮನೆಯೊಳಗಿನ ಕಸುಬಾಗಲು ಅಗ್ಗದ ಬಂಡವಾಳ ಒಂದು ಕಾರಣ. ಇನ್ನೊಂದು ಕಾರಣ ಈ ಗಡಿಸೀಮೆಯ ಎರಡು ಲಿಪಿಗಳು.

ಸ್ಕ್ರೀನಿಗಿಂತ ಹಳೆಯದು ತಗಡಿನ ಅಚ್ಚು. ಶಾಹೂ ಮಹಾರಾಜರು 1895ರಲ್ಲಿ ಶಾಹೂಪುರಿ ಎಂಬ ವ್ಯಾಪಾರ ಕೇರಿಯನ್ನು ನೆಲೆಗೊಳಿಸಿದ ಮೇಲೆ ಕೊಲ್ಹಾಪುರ ಬೆಲ್ಲದ ದೊಡ್ಡ ಪೇಟೆಯಾಯಿತು. ಪೇಟೆಯ ವ್ಯವಹಾರದಲ್ಲಿ ಚೀಲ, ಮೂಟೆಗಳ ಮೇಲೆ ಗುರುತು ಹಾಕಲು ವ್ಯಾಪಾರಿಗಳು ಬಳಸುತ್ತಿದ್ದುದು ಅಕ್ಷರ ಕೊರೆದ ತಗಡು ಮತ್ತು ಕುಂಚ. ತಗಡಿನ ಅಚ್ಚಿಗೆ ಒಂದು ಕೊರತೆಯಿದೆ. ‘ಠ’ ಅಥವಾ ‘ಂ’ ಕೊರೆದರೆ ಸುತ್ತಿನ ಒಳಗಿನ ತುಂಡು ಕಳಚಿ ಬೀಳುತ್ತದೆ, ಅದನ್ನು ಹಿಡಿದಿಡಲು ನಡುವೆ ಪಟ್ಟಿ ಬಿಡಬೇಕು. ಹೀಗಾಗಿ ಗುಂಡಗಿನ ಕನ್ನಡ ಅಕ್ಷರಗಳು ತಗಡಿನಲ್ಲಿ ಯಾವಾಗಲೂ ಒಡೆದಂತೆ ಕಾಣುತ್ತಿದ್ದವು. ಬಿಗಿದ ಬಟ್ಟೆಯ ಎಳೆಗಳು ಒಳಗಿನ ತುಂಡನ್ನು ತಾವೇ ಹಿಡಿದುಕೊಳ್ಳುತ್ತವೆ. ಸ್ಕ್ರೀನಿನ ಹೆಚ್ಚುಗಾರಿಕೆ ಇರುವುದು ಇಷ್ಟರಲ್ಲೇ.

ಜಪಾನಿನ ಬಟ್ಟೆ ಬಣ್ಣಗಾರರು ಇದೇ ತೊಡಕನ್ನು ಶತಮಾನಗಳ ಹಿಂದೆಯೇ ಕಾಗದದ ಅಚ್ಚುಗಳಿಗೆ ರೇಷ್ಮೆ ಎಳೆ ಅಂಟಿಸಿ ಬಿಡಿಸಿಕೊಂಡಿದ್ದರು. ರೇಷ್ಮೆ ಬಟ್ಟೆಯ ಪರದೆಯಿಂದ ಮುದ್ರಿಸುವ ವಿಧಾನಕ್ಕೆ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಸ್ಯಾಮ್ಯುಯೆಲ್ ಸೈಮನ್ 1907ರಲ್ಲಿ ಪೇಟೆಂಟ್ ಪಡೆದ. ಬೆಳಕಿಗೆ ಗಟ್ಟಿಯಾಗುವ ಬೈಕ್ರೋಮೇಟ್ ಲೇಪನ ಮುಂದಿನ ದಶಕದಲ್ಲಿ ಅಮೆರಿಕದಲ್ಲಿ ಇದಕ್ಕೆ ಸೇರಿತು. ರೇಷ್ಮೆಯ ಜಾಗಕ್ಕೆ ನೈಲಾನ್, ಪಾಲಿಯೆಸ್ಟರ್ ಬಂದದ್ದು ಎರಡನೆಯ ಮಹಾಯುದ್ಧದ ಆಚೆಗೆ.

ಈ ಸೀಮೆಯಲ್ಲಿ ಕಸುಬಿಗೆ ಬೇಕಾದ ನೆಲ ಮೊದಲೇ ಹದವಾಗಿತ್ತು. ನಾಟಕದ ಪರದೆ ಬರೆಯುತ್ತಿದ್ದ ಬಾಬೂರಾವ್ ಪೇಂಟರ್ ಕೊಲ್ಹಾಪುರದಲ್ಲಿ ಚಲನಚಿತ್ರ ಕಂಪನಿ ಕಟ್ಟಿ, ತಮ್ಮ ಚಿತ್ರಗಳ ಪೋಸ್ಟರುಗಳನ್ನು ತಾವೇ ರೂಪಿಸಿದರು. 1924ರ ‘ಕಲ್ಯಾಣ ಖಜಿನಾ’ದ ಪೋಸ್ಟರು ಭಾರತದಲ್ಲಿ ಉಳಿದಿರುವ ಅತಿ ಹಳೆಯ ಸಿನಿಮಾ ಪೋಸ್ಟರುಗಳಲ್ಲಿ ಒಂದು. ಬೋರ್ಡು ಬರೆಯುವ, ಪರದೆ ಬರೆಯುವ ಕೈಗಳಿಗೆ ಆ ಊರಿನಲ್ಲಿ ಬರಗಾಲವಿರಲಿಲ್ಲ. ಇತ್ತ ಇಚಲಕರಂಜಿಯಲ್ಲಿ ಜಹಾಗೀರದಾರ ನಾರಾಯಣರಾವ್ ಘೋರ್ಪಡೆಯವರ ಉತ್ತೇಜನದಿಂದ ವಿಠ್ಠಲರಾವ್ ದಾತಾರರು 1904ರಲ್ಲಿ ಮೊದಲ ಪವರ್‌ಲೂಮ್ ಹಾಕಿದರು. ಮುಂದೆ ಊರಿಗೆ ‘ಮಹಾರಾಷ್ಟ್ರದ ಮ್ಯಾಂಚೆಸ್ಟರ್’ ಎಂಬ ಹೆಸರೇ ಬಿತ್ತು. ಮುದ್ರಿಸಲು ಬೇಕಾದ ಬಟ್ಟೆ ಅಂಗಳದಲ್ಲೇ ನೇಯ್ದು ಬೀಳುತ್ತಿತ್ತು.

ಲಿಪಿಯ ಸಂಗತಿ ಇದಕ್ಕಿಂತ ಕುತೂಹಲದ್ದು. 1956ರ ರಾಜ್ಯ ಮರುವಿಂಗಡಣೆಯಲ್ಲಿ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು, ಅದರ ಚಂದಗಡ ತಾಲ್ಲೂಕು ಕೊಲ್ಹಾಪುರಕ್ಕೆ ಹೋಯಿತು. ಗಡಹಿಂಗ್ಲಜ ಆ ಕಡೆಯೇ ಉಳಿಯಿತು, ಹತ್ತಿರದ ಸಂಕೇಶ್ವರ ಈ ಕಡೆ. ಗೆರೆಯ ಎರಡೂ ಬದಿಗೆ ಕನ್ನಡ, ಮರಾಠಿ ಎರಡನ್ನೂ ಆಡುವ ಮನೆಗಳು, ಅತ್ತಿತ್ತ ಕೊಟ್ಟು ತಂದ ಬೀಗತನಗಳು. ಆದರೆ ಮೊಳೆ ಜೋಡಿಸುವ ಅಚ್ಚುಕೂಟಕ್ಕೆ ಪ್ರತಿ ಲಿಪಿಗೂ ಒತ್ತಕ್ಷರ ಸಹಿತ ನೂರಾರು ಮೊಳೆಗಳ ಬೇರೆ ಬೇರೆ ಖಾನೆಗಳು ಬೇಕು. ಸೀಸದ ಆ ಖರ್ಚನ್ನು ಒಂದು ಸಣ್ಣ ಅಚ್ಚುಕೂಟ ಎರಡು ಸಲ ಹೊರುವುದು ಕಷ್ಟ. ಸ್ಕ್ರೀನಿಗೆ ಮಾತ್ರ ಎರಡು ಲಿಪಿಯೂ ಒಂದೇ: ಟ್ರೇಸಿಂಗ್ ಕಾಗದದ ಮೇಲೆ ಕರಿ ಶಾಯಿಯಲ್ಲಿ ಚೆಂದಾಗಿ ಬರೆಯಬಲ್ಲವರು ಸಿಕ್ಕರೆ ಮುಗಿಯಿತು. ವರನ ಕಡೆಯ ಲಗ್ನಪತ್ರಿಕೆ ಮರಾಠಿಯಲ್ಲಿ, ವಧುವಿನ ಕಡೆಯದು ಕನ್ನಡದಲ್ಲಿ ಬೇಕೆಂದರೂ ಮೇಜು ಒಂದೇ, ಬಣ್ಣ ಒಂದೇ. ಬಡವರ ಮುದ್ರಣ ಎಂದು ಇದನ್ನು ಕಡೆಗಣಿಸುವವರು ಈ ಮಾತನ್ನು ಗಮನಿಸುವುದಿಲ್ಲ.

ಮನೆಯ ಕೆಲಸದ ಕ್ರಮ ಹೀಗೆ. ಸಾಗವಾನಿ ಚೌಕಟ್ಟಿಗೆ ನೈಲಾನ್ ಬಟ್ಟೆಯನ್ನು ತಮಟೆಯಂತೆ ಬಿಗಿಯಾಗಿ ಎಳೆದು ಮೊಳೆ ಹೊಡೆಯುತ್ತಾರೆ. ಕೈಚೀಲ, ಟೀ ಶರ್ಟಿಗೆ ಸೆಂಟಿಮೀಟರಿಗೆ 40ರಿಂದ 60 ಎಳೆಯ ಬಟ್ಟೆ, ಕಾರ್ಡಿನ ಸಣ್ಣ ಅಕ್ಷರಕ್ಕೆ 100ರಿಂದ 120 ಎಳೆಯದು. ಕತ್ತಲ ಕೋಣೆಯಲ್ಲಿ ಬೈಕ್ರೋಮೇಟ್ ಬೆರೆಸಿದ ಅಂಟಿನ ಲೇಪನ ಬಳಿದು ಒಣಗಿಸಿ, ಬರೆದ ಟ್ರೇಸಿಂಗ್ ಕಾಗದ ಇಟ್ಟು, ಗಾಜು ಹೇರಿ ಬಿಸಿಲಿಗೋ ಟ್ಯೂಬ್‌ಲೈಟಿಗೋ ಹಿಡಿಯುತ್ತಾರೆ. ಬೆಳಕು ತಾಗಿದ ಭಾಗ ಗಟ್ಟಿಯಾಗುತ್ತದೆ, ಶಾಯಿಯ ನೆರಳಿನ ಭಾಗ ನೀರಿಗೆ ಕರಗಿ ಹೋಗುತ್ತದೆ. ಬಿಸಿಲು ಒಂದಿಷ್ಟು ಹೆಚ್ಚಾದರೆ ಅಕ್ಷರ ತೆರೆಯುವುದೇ ಇಲ್ಲ, ಕಡಿಮೆಯಾದರೆ ಲೇಪನವೆಲ್ಲ ನೀರುಪಾಲು. ಆಮೇಲೆ ಚೌಕಟ್ಟನ್ನು ಮಿಜಾಗರಿಯಿಂದ ಮೇಜಿಗೆ ಕೂಡಿಸಿ, ಕಾರ್ಡು ಪ್ರತಿಸಲ ಅದೇ ಜಾಗದಲ್ಲಿ ಕೂರಲು ಮೂರು ಕಡೆ ರಟ್ಟಿನ ತುಂಡು ಅಂಟಿಸುತ್ತಾರೆ. ಒಬ್ಬರು ರಬ್ಬರಿನ ಸ್ಕ್ವೀಜಿಯಿಂದ ಬಣ್ಣ ಎಳೆದರೆ ಇನ್ನೊಬ್ಬರು ಕಾರ್ಡು ತೆಗೆದು ಒಣಹಾಕುತ್ತಾರೆ. ಎರಡು ಬಣ್ಣವಿದ್ದರೆ ಎರಡು ಚೌಕಟ್ಟು, ಎರಡು ಸುತ್ತು. ತುಳಸಿ ಲಗ್ನ ಮುಗಿದು ಮದುವೆಯ ಹಂಗಾಮು ಶುರುವಾದರೆ ಮನೆಮಂದಿಯ ಕೈಗಳೆಲ್ಲ ಇದಕ್ಕೇ.

ಸರ್ಕಾರದ ಯೋಜನೆಗಳು ಈ ಕಸುಬಿಗೆ ಬೆನ್ನು ಕೊಟ್ಟವು. 1979ರಲ್ಲಿ ಗ್ರಾಮೀಣ ಯುವಜನರ ಸ್ವಉದ್ಯೋಗ ತರಬೇತಿಗಾಗಿ ಟ್ರೈಸೆಂ, 1993ರಲ್ಲಿ ಓದಿದ ನಿರುದ್ಯೋಗಿಗಳ ಸಾಲಕ್ಕಾಗಿ ಪ್ರಧಾನಮಂತ್ರಿ ರೋಜಗಾರ್ ಯೋಜನೆ ಬಂದವು. ಕರ್ನಾಟಕದಲ್ಲಿ 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯ ಸ್ವಉದ್ಯೋಗ ತರಬೇತಿಗಳಲ್ಲಿ ಸ್ಕ್ರೀನ್ ಪ್ರಿಂಟಿಂಗ್ ಕಾಯಂ ವಿಷಯವಾಯಿತು.

ಅಗ್ಗದ ಕಸುಬಿಗೆ ಅಗ್ಗವಲ್ಲದ ಬೆಲೆಯೂ ಉಂಟು. ಬೈಕ್ರೋಮೇಟ್ ಚರ್ಮಕ್ಕೆ ಹುಣ್ಣು ತರುವ, ಕ್ಯಾನ್ಸರಿಗೂ ಕಾರಣವಾಗುವ ರಾಸಾಯನಿಕ. ಅದನ್ನು ಬಚ್ಚಲಿನಲ್ಲಿ ತೊಳೆದರೆ ಚರಂಡಿಗೆ ಸೇರುತ್ತದೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಬಣ್ಣ ತೊಳೆಯುವ ಸೀಮೆಎಣ್ಣೆ, ಟರ್ಪೆಂಟೈನ್ ವಾಸನೆ ಕುಡಿದವರು ಮನೆಯ ಹೆಂಗಸರು, ಮಕ್ಕಳು. ಕಸುಬು ಕಲಿಸಿದವರು ಕೈಗವಸಿನ ಮಾತು ಆಡಿದ್ದು ಕಡಿಮೆ. ಬೈಕ್ರೋಮೇಟ್ ಬೇಡದ ಡಯಾಜೋ ಮತ್ತು ಫೋಟೊಪಾಲಿಮರ್ ಲೇಪನಗಳು ಬಂದಿದ್ದರೂ ಬೆಲೆ ಜಾಸ್ತಿ ಎಂಬ ಕಾರಣಕ್ಕೆ ಹಳೆಯದನ್ನೇ ಹಿಡಿದವರಿದ್ದಾರೆ.

1990ರ ದಶಕದಲ್ಲಿ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವ ಡಿಟಿಪಿ ಬಂದಾಗ ಕೈಬರಹದ ಜಾಗಕ್ಕೆ ಲೇಸರ್ ಪ್ರಿಂಟ್ ಬಂತು. ಅಕ್ಷರ ಬರೆಯುವವರ ಕೆಲಸ ಹೋಯಿತು, ಸ್ಕ್ರೀನಿನ ಕೆಲಸ ಉಳಿಯಿತು. ಮುಂದಿನ ದಶಕದ ಫ್ಲೆಕ್ಸ್ ಬಟ್ಟೆ ಬ್ಯಾನರುಗಳನ್ನು ನುಂಗಿತು, ಅಗ್ಗದ ಆಫ್‌ಸೆಟ್ ಲಗ್ನಪತ್ರಿಕೆಯ ದೊಡ್ಡ ಪಾಲನ್ನು ಎಳೆದುಕೊಂಡಿತು, ವಾಟ್ಸಾಪ್ ಉಳಿದದ್ದರಲ್ಲೂ ಕೈ ಹಾಕಿತು. 2018ರಲ್ಲಿ ಮಹಾರಾಷ್ಟ್ರ ಸರ್ಕಾರ ಪ್ಲಾಸ್ಟಿಕ್ ಚೀಲಗಳನ್ನು ನಿಷೇಧಿಸಿದ ಮೇಲೆ ಅಂಗಡಿಯ ಹೆಸರು ಹೊತ್ತ ಬಟ್ಟೆಚೀಲಕ್ಕೆ ಹೊಸ ದಾರಿ ತೆರೆಯಿತು. ಬಟ್ಟೆಚೀಲ, ಗಣೇಶ ಮಂಡಳಿಯ ಟೀ ಶರ್ಟು, ಫುಟ್‌ಬಾಲ್ ಹುಚ್ಚಿನ ಕೊಲ್ಹಾಪುರ, ಗಡಹಿಂಗ್ಲಜಗಳ ಆಟಗಾರರ ಬೆನ್ನಿನ ಅಂಕಿ: ಇಂಥ ಕೆಲಸ ಐವತ್ತು ಅಥವಾ ನೂರರ ಲೆಕ್ಕದಲ್ಲಿ ಬಂದಾಗ ಕೈ ಸ್ಕ್ರೀನಿನಷ್ಟು ಕಡಿಮೆ ಬಂಡವಾಳದಲ್ಲಿ ಮುಗಿಸಿಕೊಡುವ ವಿಧಾನ ಇನ್ನೂ ಬಂದಿಲ್ಲ.