ವರಾಹದ ಮೇಲಿನ ಉಮಾಮಹೇಶ್ವರರು

ಮೈಸೂರು ನಗರದ ಬಡಾವಣೆಯೊಂದಕ್ಕೆ ವಿಜಯನಗರವೆಂದು ಹೆಸರು. ಆ ಹೆಸರಿನ ಸಾಮ್ರಾಜ್ಯವು ಅಳಿದ ಮೇಲೆಯೂ ಅದರ ಚಿನ್ನದ ನಾಣ್ಯದ ಅಂಕವು ಮೈಸೂರಿನಲ್ಲಿ ಬಾಳಿತೆಂಬುದನ್ನು ನಾವು ನೆನೆಯಬೇಕು. ಎರಡನೆಯ ಹರಿಹರನ (1377–1404) ನಾಣ್ಯಗಳಲ್ಲಿ ಉಮಾಮಹೇಶ್ವರರ ಮೂರ್ತಿಯುಂಟು. 1761ರಲ್ಲಿ ಮೈಸೂರಿನ ಅಧಿಕಾರವನ್ನು ಕೈಗೊಂಡ ಹೈದರಾಲಿಯು ತನ್ನ ವರಾಹದಲ್ಲಿ ಆ ಮೂರ್ತಿಯನ್ನೇ ಉಳಿಸಿಕೊಂಡು, ಹಿಂಬದಿಯಲ್ಲಿ ತನ್ನ ಹೆಸರಿನ ಪಾರಸಿ ಮೊದಲಕ್ಷರವನ್ನು ಒತ್ತಿಸಿದನು. 1799ರ ತರುವಾಯ ಮುಮ್ಮಡಿ ಕೃಷ್ಣರಾಜ ಒಡೆಯರ ವರಾಹದಲ್ಲಿಯೂ ಅದೇ ದಂಪತಿಗಳು. ಹಿಂಬದಿಯಲ್ಲಿ ನಾಗರಲಿಪಿಯ ರಾಜನಾಮ. ದೊರೆತನವು ಕೈಬದಲಾದರೂ ಪೇಟೆಯು ಬಲ್ಲ ಗುರುತು ಅಳಿದುಹೋಗಲಿಲ್ಲ. ಸುಮಾರು ಮೂರೂವರೆ ಗ್ರಾಂ ತೂಗುವ ಇಂತಹ ವರಾಹವನ್ನು ಅಕ್ಕಸಾಲಿಯ ಮೂಸೆಗೆ ಹಾಕಿದರೆ ಚಿನ್ನವು ಉಳಿಯುವುದು, ಚರಿತ್ರೆಯು ಕರಗಿಹೋಗುವುದು. ಆದುದರಿಂದ ನಾಣ್ಯಸಂಗ್ರಹವು ಐಶ್ವರ್ಯದ ಪ್ರದರ್ಶನವಾಗದಿರಲಿ. ದೊರೆತ ಸ್ಥಳವನ್ನೂ ತೂಕವನ್ನೂ ಬರೆದಿಟ್ಟು, ನಾವು ಆ ಸಾಕ್ಷ್ಯವನ್ನು ಮುಂದಿನವರಿಗೆ ಒಪ್ಪಿಸೋಣ.